ಬಾದಾಮಿ: ಮಂಡಿನೋವಿನ ಅವ್ವನಿಗೆ ಒಂದು ದಿನ ಸಾಕೇ?

ವಿಜಯಪುರದಿಂದ ಪ್ರಶ್ನೆ

ಮುಂದಿನ ಶುಕ್ರವಾರ ಅವ್ವನನ್ನು ಬಾದಾಮಿಗೆ ಕರೆದುಕೊಂಡು ಹೊರಟಿದ್ದೇನೆ. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿಗಳದ್ದು ನಿತ್ಯ ತಕರಾರು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತು ಚುರುಮುರಿ ತಿಂದದ್ದನ್ನು ಇಂದಿಗೂ ಹೇಳುತ್ತಾಳೆ. ಗುಹೆ ನೋಡಿದ್ದು ಮಾತ್ರ ನೆನಪಿಲ್ಲವಂತೆ! ಬೆಳಿಗ್ಗೆ ರೈಲಿಗೆ ಬಂದು, ಪಟ್ಟದಕಲ್ಲು, ಐಹೊಳೆಯನ್ನೂ ಮುಗಿಸಿ ರಾತ್ರಿ ಮರಳಬಹುದೇ?

ಬಾಗಲಕೋಟೆಯಿಂದ

ಧಾರಾಳವಾಗಿ. ಕಾರು ಮಾಡಿಕೊಳ್ಳಿ, ಮೂರೂ ಊರು ಸಂಜೆಯೊಳಗೆ ಆಗುತ್ತವೆ.

ಬಾದಾಮಿಯಿಂದ, ನಿವೃತ್ತ ಶಿಕ್ಷಕಿ

ಆಗುತ್ತವೆ, ಅವ್ವ ಕಾರಿನ ಕಿಟಕಿಯಿಂದ ನೋಡುವುದಾದರೆ. ತಮ್ಮಾ, ಅವರು ಬರುತ್ತಿರುವುದು ಕೆರೆಗೆ. ಉಳಿದದ್ದನ್ನು ಬಿಡು.

ಮೊದಲು ವಾರ ಬದಲಿಸು. ಶುಕ್ರವಾರ ಕೆರೆ ದಂಡೆಯ ವಸ್ತುಸಂಗ್ರಹಾಲಯಕ್ಕೆ ರಜೆ. ರೈಲು ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ, ಟಂಟಂ ಸಿಗುತ್ತದೆ. ಬಿಸಿಲೇರುವ ಮೊದಲು ಒಂದನೇ ಗುಹೆಗಷ್ಟೇ ಹತ್ತಿಸು. ಹದಿನೆಂಟು ಕೈಗಳ ನಟರಾಜ ಅಲ್ಲೇ ಇದ್ದಾನೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಗೆ ನೀನೊಬ್ಬನೇ ಹೋಗಿ ಬಾ. ಮಧ್ಯಾಹ್ನ ಬನಶಂಕರಿ. ಗುಡಿಯ ಹತ್ತಿರ ಬುಟ್ಟಿ ಹೊತ್ತ ಹೆಂಗಸರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಡುತ್ತಾರೆ. ಹೋಟೆಲ್ ಹುಡುಕಬೇಡ.

ನಾಲ್ಕು ಗಂಟೆಯ ಮೇಲೆ ಕೆರೆಗೆ ಬನ್ನಿ. ಉತ್ತರದ ದಂಡೆ ಹಿಡಿದು ಭೂತನಾಥ ಗುಡಿಯವರೆಗಿನ ದಾರಿ ಹೆಚ್ಚುಕಡಿಮೆ ಸಮತಟ್ಟು, ಮಂಡಿಗೆ ತೊಂದರೆಯಿಲ್ಲ. ಗುಡಿಯ ಮುಖ ಪಶ್ಚಿಮಕ್ಕಿರುವುದರಿಂದ ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಕಲ್ಲು ಆಗಷ್ಟೇ ಕಾಯಿಸಿದ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಸಪ್ಪಳ ಎದುರು ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತದೆ. ಮೂವತ್ತು ವರ್ಷ ಕೇಳಿದ್ದೇನೆ, ಬೇಸರ ಬಂದಿಲ್ಲ.

ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ತ್ರಿಪದಿಯ ಹಳೆಯ ಮಾದರಿ. ಬೀಸುವ ಕಲ್ಲಿನ ಹಾಡು ಬಲ್ಲ ಅವ್ವನಾದರೆ ಆ ಧಾಟಿ ಕೇಳಿದೊಡನೆ ಹಿಡಿಯುತ್ತಾಳೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಓದಿ ಹೇಳು.

ಐಹೊಳೆಯನ್ನು ಮುಂದಿನ ಸಲಕ್ಕಿಡು. ತಿಂಡಿಯ ಚೀಲ ಮಾತ್ರ ಮುಚ್ಚಿ ಹಿಡಿ. ಹೋದ ತಿಂಗಳು ಮಂಗವೊಂದು ನನ್ನ ಕನ್ನಡಕವನ್ನೇ ಒಯ್ದಿತು. ಅರ್ಧ ಬಾಳೆಹಣ್ಣು ತೋರಿಸಿ ಮರಳಿ ಪಡೆದೆ, ಒಂದು ಕಡ್ಡಿ ಮುರಿದಿತ್ತು.

ವಿಜಯಪುರದಿಂದ

ಅಕ್ಕಾ, ಶನಿವಾರಕ್ಕೆ ಬದಲಿಸಿದೆ. ಒಂದೇ ಊರು, ರಾತ್ರಿ ಅಲ್ಲೇ ವಾಸ. ಮಂಗಗಳ ವಿಷಯ ಅವ್ವನಿಗೆ ಓದಿ ಹೇಳಿದೆ. ನಕ್ಕಳು. ‘ಆಗಲೂ ಇದ್ದವು. ಚುರುಮುರಿ ನಿಮ್ಮಪ್ಪ ತಿಂದದ್ದು ಎರಡೇ ತುತ್ತು’ ಎಂದಳು.