ಅಪ್‌ಡೇಟ್: ಬೆಳ್ಳಿಗೆ ಲ್ಯುಕೇಮಿಯಾ ವೈರಸ್, ಉಳಿದೆರಡು ಬೆಕ್ಕುಗಳ ಕಥೆ

ಮೂರು ಬೆಕ್ಕುಗಳಲ್ಲಿ ಬೆಳ್ಳಿಗೆ ಮಾತ್ರ ಪಾಸಿಟಿವ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಸ್ವಲ್ಪ ನೆಮ್ಮದಿ.

ಬಟ್ಟಲು ಬೇರೆ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ. ಉಂಡ ಮೇಲೆ ಕರಿಯ ಬಂದು ಅವಳ ಕಿವಿ ನೆಕ್ಕುವುದು ತಪ್ಪಲೇ ಇಲ್ಲ. ಜೊಲ್ಲಿನಿಂದಲೇ ಅಲ್ವಾ ಇದು ಜಾಸ್ತಿ ಹರಡುವುದು! ಕೊನೆಗೆ ಕೈ ಹಿಡಿದದ್ದು ನಿಮ್ಮಲ್ಲೊಬ್ಬರು ಹೇಳಿದ ಬೇರೆ ಕೋಣೆ. ಮೊದಲ ಮೂರು ರಾತ್ರಿ ಬಾಗಿಲ ಸಂದಿಯಲ್ಲಿ ಪಂಜ ತೂರಿಸಿ ಕೂಗಿದಳು. ಈಗ ಕಿಟಕಿಯ ಕಟ್ಟೆ ಬಿಟ್ಟು ಇಳಿಯುವುದಿಲ್ಲ.

ಉಳಿದೆರಡೂ ನೆಗೆಟಿವ್, ಲಸಿಕೆಯೂ ಆಯಿತು. ಹೊಸ ಸೋಂಕು ತಕ್ಷಣ ಟೆಸ್ಟ್‌ನಲ್ಲಿ ಕಾಣದಿರಬಹುದು, ಹಾಗಾಗಿ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು.

ಗೊತ್ತಿಲ್ಲದೆ ಹಾಸಿಗೆಗಳನ್ನೆಲ್ಲ ಸುಮ್ನೆ ಎಸೆಯಲು ಹೊರಟಿದ್ದೆ. ಈ ವೈರಸ್ ಹೊರಗೆ ಹೆಚ್ಚು ಹೊತ್ತು ಬದುಕುವುದಿಲ್ಲವಂತೆ. ಸೋಪು ಹಾಕಿ ಒಗೆದರೆ ಸಾಕು ಅಂದರು ಡಾಕ್ಟರ್.