ವರ್ಷನ್ ಹೆಡರ್ ಬರೆಸುವ ಸ್ಕ್ರಿಪ್ಟು: ‘ಆವೃತ್ತಿ’, ‘ಬಿಲ್ಡ್ ಸಂಖ್ಯೆ’, ‘ಡರ್ಟಿ’ಗಳಿಗೆ ಪದ ಬೇಕು

ಹುಬ್ಬಳ್ಳಿ-ಧಾರವಾಡದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಮೈಕ್ರೊಕಂಟ್ರೋಲರ್ ಪ್ರಯೋಗಗಳ ಕೈಪಿಡಿ ಕನ್ನಡದಲ್ಲಿ ತಯಾರಾಗುತ್ತಿದೆ. ಪ್ರತಿ ಬಿಲ್ಡ್‌ಗೆ (ಮೂಲ ಕಡತಗಳಿಂದ ಪ್ರೋಗ್ರಾಂ ಕಟ್ಟುವ ಕೆಲಸಕ್ಕೆ) ಮೊದಲು ಸ್ಕ್ರಿಪ್ಟೊಂದು ಓಡಿ ‘ವರ್ಷನ್.ಎಚ್’ ಎಂಬ ಹೆಡರನ್ನು, ಎಂದರೆ ಬೇರೆ ಸಿ ಕಡತಗಳು ಸೇರಿಸಿಕೊಳ್ಳುವ ಕಡತವನ್ನು, ತಾನೇ ಬರೆಯುವ ಬಗೆ ಅದರ ಒಂದು ಅಧ್ಯಾಯ. ಅದರ ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲ ತೊಡಕು ‘ಆವೃತ್ತಿ’ಯದೇ. ವರ್ಷನ್ ಎಂಬುದಕ್ಕೆ ಅದು ರೂಢಿಯಾಗಿದೆ, ಸರಿ. ಆದರೆ ಇದೇ ಹುಡುಗರು ಶಾಲೆಯ ಸಂಖ್ಯಾಶಾಸ್ತ್ರದಲ್ಲಿ ‘ಆವೃತ್ತಿ ವಿತರಣೆ’ ಓದಿ ಬಂದವರು. ಫ್ರೀಕ್ವೆನ್ಸಿಗೂ ಅವರಿಗೆ ಇದೇ ಪದ. ಫರ್ಮ್‌ವೇರ್‌ನ (ಚಿಪ್ಪಿನೊಳಗೆ ಕೂರುವ ಪ್ರೋಗ್ರಾಮಿನ) ಹೆಡರ್‌ಗಳಲ್ಲಿ ವರ್ಷನ್ನೂ ಇರುತ್ತದೆ, ಕ್ಲಾಕಿನ ಫ್ರೀಕ್ವೆನ್ಸಿಯೂ ಇರುತ್ತದೆ. ‘ಆವೃತ್ತಿ 16’ ಎಂದರೆ ಹದಿನಾರನೆಯ ವರ್ಷನ್ನೋ, 16 ಮೆಗಾಹರ್ಟ್ಸೋ? ಫ್ರೀಕ್ವೆನ್ಸಿಯನ್ನು ‘ಆವರ್ತಾಂಕ’ಕ್ಕೆ ಕಳಿಸಿ ‘ಆವೃತ್ತಿ’ಯನ್ನು ವರ್ಷನ್ನಿಗೇ ಉಳಿಸುವುದು ವಾಸಿ ಎನಿಸುತ್ತದೆ.

ಎರಡನೆಯದು ‘ಬಿಲ್ಡ್ ಸಂಖ್ಯೆ’. ಕಡತಗಳ ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶ ಗಿಟ್. ಅದರ ‘ಗಿಟ್ ಡಿಸ್ಕ್ರೈಬ್’ ಆದೇಶಕ್ಕೆ ಟ್ಯಾಗ್ಸ್, ಆಲ್ವೇಸ್, ಡರ್ಟಿ ಎಂಬ ಮೂರು ಆಯ್ಕೆ ಕೊಟ್ಟರೆ ‘ವಿ2.3.1-14-ಜಿ3ಎಫ್2ಎ9ಸಿ1-ಡರ್ಟಿ’ ಎಂಬಂಥ ಸಾಲು ಬರುತ್ತದೆ. ಮೊದಲ ಭಾಗ ಹತ್ತಿರದ ಟ್ಯಾಗು, ಎಂದರೆ ಒಂದು ಕಮಿಟ್ಟಿಗೆ (ಗಿಟ್‌ಗೆ ಒಪ್ಪಿಸಿದ ಬದಲಾವಣೆಯ ದಾಖಲೆಗೆ) ಕೊಟ್ಟ ಹೆಸರು. ‘ಜಿ’ ಎಂದರೆ ಗಿಟ್, ಅದರ ಮುಂದಿನದು ಕಮಿಟ್ಟಿನ ಹ್ಯಾಶ್‌ನ (ಗುರುತಿನ ಸಂಖ್ಯೆಯ) ತುಂಡು. ನಡುವಿನ 14ನ್ನು ಬಿಲ್ಡ್ ಸಂಖ್ಯೆ ಎಂದು ಕರೆಯುವುದು ತಪ್ಪು. ಟ್ಯಾಗ್ ಹಾಕಿದ ಮೇಲೆ 14 ಕಮಿಟ್ ಆಗಿವೆ ಎಂದಷ್ಟೇ ಅದರ ಅರ್ಥ. ಅದೇ ಕಮಿಟ್ಟನ್ನು ಹತ್ತು ಸಲ ಬಿಲ್ಡ್ ಮಾಡಿದರೂ 14 ಹದಿನಾಲ್ಕೇ. ಗದಗದ ಅಚ್ಚುಕೂಟದಿಂದ ಬರುವ ಪುಸ್ತಕದಲ್ಲಿ ‘ಎರಡನೆಯ ಆವೃತ್ತಿ, ಮೂರನೆಯ ಮುದ್ರಣ’ ಎಂದಿರುತ್ತದಲ್ಲ, ನಿಜವಾದ ಬಿಲ್ಡ್ ಸಂಖ್ಯೆ ಆ ‘ಮುದ್ರಣ’ದ ಜಾತಿಯದು. ಈ 14ಕ್ಕೆ ‘ಟ್ಯಾಗ್‌ನಿಂದ ದೂರ’ ಎಂದು ಬರೆದಿದ್ದೇವೆ. ಅಂದಹಾಗೆ, ಇತಿಹಾಸ ಮೊಟಕಾದ ಪ್ರತಿಯಲ್ಲಿ (ಶ್ಯಾಲೋ ಕ್ಲೋನ್‌ನಲ್ಲಿ) ಟ್ಯಾಗುಗಳು ಬಂದಿರದಿದ್ದರೆ ಬರೀ ಹ್ಯಾಶ್ ಸಿಗುತ್ತದೆ. ಅದರಿಂದ ವರ್ಷನ್ನಿನ 2, 3, 1 ಬಿಡಿಸಹೊರಟ ಸ್ಕ್ರಿಪ್ಟ್ ಅಲ್ಲೇ ಎಡವುತ್ತದೆ.

‘ಡರ್ಟಿ’ಗೆ ‘ಕೊಳಕು’ ಬೇಡ. ಗಿಟ್‌ನ ಲೆಕ್ಕಕ್ಕೆ ಸೇರಿದ ಕಡತವನ್ನು ತಿದ್ದಿ ಕಮಿಟ್ ಮಾಡದೆ ಬಿಟ್ಟರೆ ಮಾತ್ರ ಈ ಗುರುತು ಬೀಳುತ್ತದೆ. ಲೆಕ್ಕಕ್ಕೇ ಸೇರಿಸದ ಹೊಸ ಕಡತ ಪಕ್ಕದಲ್ಲಿ ಬಿದ್ದಿದ್ದರೆ ಬೀಳುವುದಿಲ್ಲ. ಒಪ್ಪಿಸಬೇಕಾದದ್ದು ಉಳಿದಿದೆ ಎಂಬುದೇ ಸಾರವಾದ್ದರಿಂದ ‘ಬಾಕಿ’ ಸರಿಹೊಂದೀತು.

‘ಜನರೇಟ್’ಗೆ ‘ಬರೆಸು’ ಸಾಕು, ‘ಉತ್ಪಾದಿಸು’ ಭಾರ. ಆದರೆ ಪ್ರತಿ ಸಲವೂ ಬರೆಸಬಾರದು. ಬಿಲ್ಡ್ ನಡೆಸುವ ಮೇಕ್ ಎಂಬ ತಂತ್ರಾಂಶ ನೋಡುವುದು ಕಡತದ ಸಮಯವನ್ನು, ಒಳಗಿನದನ್ನಲ್ಲ. ಹೆಡರ್ ಸುಮ್ಮನೆ ಹೊಸದಾದರೆ ಅದನ್ನು ಸೇರಿಸಿಕೊಂಡ ಎಲ್ಲ ಕಡತಗಳೂ ಮತ್ತೆ ಕಂಪೈಲ್ ಆಗುತ್ತವೆ. ತಾತ್ಕಾಲಿಕ ಕಡತಕ್ಕೆ ಬರೆಸಿ, ಹಳೆಯದರೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ಮಾತ್ರ ಅದರ ಜಾಗಕ್ಕೆ ಸರಿಸಬೇಕು.

ಕೊನೆಯದು ‘ರಿಡೈರೆಕ್ಷನ್’, ಎಂದರೆ ಆದೇಶವೊಂದು ತೆರೆಯ ಮೇಲೆ ಬರೆಯುವುದನ್ನು ಕಡತದತ್ತ ತಿರುಗಿಸುವುದು. ನಾವು ಬಳಸುತ್ತಿರುವುದು ‘ತಿರುವು’. ವಿಂಡೋಸ್‌ನ ಬ್ಯಾಚ್ ಕಡತದಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ:

ಎಕೋ #ಡಿಫೈನ್ ವರ್ಷನ್_ಮೈನರ್ 2>>ವರ್ಷನ್.ಎಚ್

ತಿರುವಿನ ಗುರುತಿಗೆ ಅಂಟಿದ ಒಂಟಿ ಅಂಕಿಯನ್ನು ಸಿಎಂಡಿ (ವಿಂಡೋಸ್‌ನಲ್ಲಿ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶ) ಬೆಲೆಯೆಂದು ಓದುವುದಿಲ್ಲ, ಹರಿವಿನ ಸಂಖ್ಯೆಯೆಂದು ಓದುತ್ತದೆ. 2 ಎಂದರೆ ದೋಷಸಂದೇಶಗಳ ಹರಿವು. ಅದು ಕಡತದತ್ತ ತಿರುಗುತ್ತದೆ, ನಮ್ಮ ಸಾಲು ತೆರೆಯ ಮೇಲೆ ಬೀಳುತ್ತದೆ, ಹೆಡರ್‌ಗೆ ಏನೂ ಸೇರುವುದಿಲ್ಲ. 2ರ ಬದಲು 1 ಇದ್ದರೆ ಸಾಲು ಕಡತಕ್ಕೆ ಹೋಗುತ್ತದೆ, 1 ಮಾತ್ರ ಮಾಯ. ತಿರುವನ್ನು ಸಾಲಿನ ಮೊದಲಿಗೆ ಇಡುವುದೇ ಪರಿಹಾರ:

>>ವರ್ಷನ್.ಎಚ್ ಎಕೋ #ಡಿಫೈನ್ ವರ್ಷನ್_ಮೈನರ್ 2

ಹೆಡರ್‌ಗೆ ದಿನಾಂಕವನ್ನೂ ಸೇರಿಸಿ ತಿಂಗಳನ್ನು ಅಂಕಿಯಾಗಿ ಬರೆಸುವವರು ಮುಂದಿನ ಸೊನ್ನೆಯನ್ನೂ ತೆಗೆಯಬೇಕು. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಸಿ ಭಾಷೆ ಎಂಟರ ಪದ್ಧತಿಯಲ್ಲಿ ಓದುತ್ತದೆ. 07ರವರೆಗೆ ತಕರಾರಿಲ್ಲ, ಆಗಸ್ಟಿನ 08 ಬಂದೊಡನೆ ಕಂಪೈಲರ್ ನಿಲ್ಲುತ್ತದೆ. ಈ ‘ಎಂಟರ ಪದ್ಧತಿ’ ಸಾಕೋ, ಪಠ್ಯಗಳ ‘ಅಷ್ಟಮಾನ’ವನ್ನೇ ಉಳಿಸಿಕೊಳ್ಳಬೇಕೋ, ಅದನ್ನೂ ತಿಳಿಸಿ.