ಮೊದಲ ಕ್ಯಾರೆಕ್ಟರ್: ಇದನ್ನೂ ಅಳಿಸಲಾ, ಇಟ್ಟುಕೊಳ್ಳಲಾ?

ಪ್ರಶ್ನೆ: ಸರ್, ನಮಸ್ಕಾರ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಶುರು ಮಾಡಿದ್ದೇನೆ. ಆನ್‌ಲೈನ್ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ಆಡುತ್ತಿರುವುದು ಇದೇ ಮೊದಲು. ಒಂದು ವಾರದಲ್ಲಿ ನಾಲ್ಕು ಕ್ಯಾರೆಕ್ಟರ್ ಮಾಡಿ ಅಳಿಸಿದ್ದೇನೆ. ಈಗಿರುವುದು ಡ್ವಾರ್ಫ್ ವಾರಿಯರ್ (ಕುಳ್ಳರ ಕುಲದ ಯೋಧ), ಲೆವೆಲ್ 10. ಬ್ಲ್ಯಾಕ್‌ಸ್ಮಿತಿಂಗ್‌ನಲ್ಲಿ ದುಡ್ಡು ಜಾಸ್ತಿ ಅಂತ ಒಬ್ಬರು ಹೇಳಿದರು, ಎಂಜಿನಿಯರಿಂಗ್ ತಗೊಳ್ಳಿ ಅಂತ ಇನ್ನೊಬ್ಬರು. ಎರಡನ್ನೂ ತಗೊಂಡೆ. ಈಗ ಕೈ ಪೂರ್ತಿ ಖಾಲಿ. ದಿನಕ್ಕೆ ಒಂದು ಗಂಟೆ ಮಾತ್ರ ಆಡಲು ಸಿಗುತ್ತದೆ. ಇದನ್ನೂ ಅಳಿಸಿ ಹೊಸದಾಗಿ ಶುರು ಮಾಡಲಾ?

ಉತ್ತರ: ಬೇಡ, ಅಳಿಸಬೇಡಿ. ಡ್ವಾರ್ಫ್ ವಾರಿಯರ್ ಒಳ್ಳೆಯ ಜೋಡಿ. ಎಡವಟ್ಟಾಗಿರುವುದು ಪ್ರೊಫೆಶನ್‌ನಲ್ಲಿ (ಕ್ಯಾರೆಕ್ಟರ್ ಕಲಿಯುವ ಕಸುಬಿನಲ್ಲಿ), ಅದನ್ನು ಐದು ನಿಮಿಷದಲ್ಲಿ ಸರಿ ಮಾಡಬಹುದು.

ಕ್ಲಾಸಿಕ್‌ನಲ್ಲಿ ಒಬ್ಬರಿಗೆ ಎರಡೇ ಮುಖ್ಯ ಪ್ರೊಫೆಶನ್. ಅಡುಗೆ, ಮೀನು ಹಿಡಿಯುವುದು, ಫಸ್ಟ್ ಏಡ್ ಈ ಲೆಕ್ಕಕ್ಕೆ ಬರುವುದಿಲ್ಲ, ಮೂರನ್ನೂ ಕಲಿಯಬಹುದು. ನೀವು ತಗೊಂಡ ಎರಡೂ ಲೋಹ ತಿನ್ನುವ ಕೆಲಸಗಳು, ಅಗೆದು ತರುವವರು ಯಾರೂ ಇಲ್ಲ. ಹಾಗಾಗಿ ಪ್ರತಿ ತುಂಡು ತಾಮ್ರವನ್ನೂ ಆಕ್ಷನ್ ಹೌಸ್‌ನಲ್ಲಿ (ಆಟಗಾರರು ಸಾಮಾನು ಹರಾಜಿಗಿಡುವ ಜಾಗ) ದುಡ್ಡು ಕೊಟ್ಟು ಕೊಂಡಿರುತ್ತೀರಿ, ಅಲ್ವಾ?

ನಾನು ಇಂಥ ಆಟಗಳಿಗೆ ಕ್ರಾಫ್ಟಿಂಗ್ (ಸಾಮಾನು ತಯಾರಿಸುವ ಭಾಗ) ಡಿಸೈನ್ ಮಾಡುವ ಕೆಲಸದಲ್ಲಿರುವವನು. ಒಳಗಿನ ಒಂದು ವಿಷಯ ಹೇಳುತ್ತೇನೆ. ಆಟದಲ್ಲಿ ಸಾಯುವ ಒಂದೊಂದು ರಾಕ್ಷಸನಿಂದಲೂ ಹೊಸ ದುಡ್ಡು ಹುಟ್ಟುತ್ತದೆ. ಅದನ್ನು ಎಲ್ಲಾದರೂ ವಾಪಸ್ ಎಳೆದುಕೊಳ್ಳದಿದ್ದರೆ ಬೆಲೆಗಳು ಏರುತ್ತಲೇ ಹೋಗುತ್ತವೆ. ಟ್ರೈನರ್ ಫೀಸು, ರಿಪೇರಿ ಖರ್ಚು, ಆಕ್ಷನ್ ಹೌಸ್ ಹಿಡಿದುಕೊಳ್ಳುವ 5% ಎಲ್ಲಾ ಇರುವುದು ಅದಕ್ಕೇ. ಇದರ ಜೊತೆಗೆ, ಸ್ಕಿಲ್ ಏರಿಸಬೇಕು ಅಂತ ಎಲ್ಲರೂ ಅದದೇ ಸಾಮಾನು ರಾಶಿ ರಾಶಿ ಮಾಡುತ್ತಾರೆ. ನೂರು ಜನ ಒಂದೇ ತಾಮ್ರದ ಬೆಲ್ಟ್ ಮಾರಲು ಕೂತರೆ ಕೊಳ್ಳುವವರು ಯಾರು? ಆ ಬೆಲ್ಟ್ ಅದಕ್ಕೆ ಹಾಕಿದ ತಾಮ್ರಕ್ಕಿಂತ ಕಡಿಮೆ ಬೆಲೆಗೆ ಹೋಗುತ್ತದೆ. ತಾಮ್ರ ಮಾತ್ರ ಎಲ್ಲರಿಗೂ ಬೇಕು. ಹೊಸಬರ ಕೈಯಲ್ಲಿ ದುಡ್ಡು ನಿಲ್ಲುವುದು ಕಚ್ಚಾ ಸಾಮಾನು ಮಾರಿದಾಗ.

ದಿನಕ್ಕೆ ಒಂದೇ ಗಂಟೆ ಅಂದಿರಲ್ಲ, ನನ್ನ ಮಾತು ಕೇಳುವುದಾದರೆ ಎರಡನ್ನೂ ಬಿಟ್ಟು ಮೈನಿಂಗ್ (ಅದಿರು ಅಗೆಯುವುದು), ಸ್ಕಿನ್ನಿಂಗ್ (ಚರ್ಮ ಸುಲಿಯುವುದು) ತಗೊಳ್ಳಿ. ಬಿಟ್ಟ ಪ್ರೊಫೆಶನ್‌ನ ಸ್ಕಿಲ್ ಪೂರ್ತಿ ಹೋಗುತ್ತದೆ, ಮುಂದೆ ಬೇಕೆಂದರೆ 1ರಿಂದ ಕಲಿಯಬೇಕು. ಲೆವೆಲ್ 10ರಲ್ಲಿ ಅದೇನು ದೊಡ್ಡ ನಷ್ಟವಲ್ಲ. ಸ್ಕಿಲ್ 200 ದಾಟಿದ ಮೇಲಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಮೈನಿಂಗ್ ಜೊತೆ ಗಿಡಮೂಲಿಕೆ ಪ್ರೊಫೆಶನ್ ಬಿಟ್ಟು ಸ್ಕಿನ್ನಿಂಗೇ ಯಾಕೆ ಅಂದರೆ, ಅದಿರು ಹುಡುಕುವುದು, ಗಿಡಮೂಲಿಕೆ ಹುಡುಕುವುದು ಎರಡೂ ಮಿನಿಮ್ಯಾಪ್‌ನಲ್ಲಿ (ಮೂಲೆಯ ಪುಟ್ಟ ನಕ್ಷೆ) ಚುಕ್ಕಿ ತೋರಿಸುತ್ತವೆ, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಆನ್ ಮಾಡಬಹುದು. ಎರಡನ್ನೂ ಇಟ್ಟುಕೊಂಡವರು ದಾರಿಯುದ್ದಕ್ಕೂ ಅದನ್ನು ಬದಲಾಯಿಸುತ್ತಲೇ ಇರಬೇಕು. ಸ್ಕಿನ್ನಿಂಗ್‌ಗೆ ಆ ತಲೆನೋವಿಲ್ಲ. ಕರಡಿನೋ ಹಂದಿನೋ ಕ್ವೆಸ್ಟ್‌ಗೆ (ಆಟ ಕೊಡುವ ಕೆಲಸಕ್ಕೆ) ಅಂತ ಹೇಗೂ ಕೊಲ್ಲುತ್ತೀರಿ, ಅದರ ಮೇಲಿನ ಸಾಮಾನು ಪೂರ್ತಿ ಎತ್ತಿಕೊಂಡು ಚಾಕು ಹಾಕಿದರೆ ಆಯಿತು. ಎರಡು ಸೆಕೆಂಡಿನ ಕೆಲಸ. ಲೆವೆಲ್ 40ಕ್ಕೆ ಸವಾರಿ ಸಿಗುತ್ತದೆ, ಡ್ವಾರ್ಫ್‌ಗಳಿಗೆ ಟಗರು. ಸವಾರಿ ಕಲಿಯುವ ಫೀಸೂ ಸೇರಿ ಹತ್ತಿರ ಹತ್ತಿರ 100 ಗೋಲ್ಡ್ ಬೇಕು. ಅಷ್ಟು ಕೂಡಿಡುವಷ್ಟರಲ್ಲಿ ಈ ಜೋಡಿಯ ಬೆಲೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನನ್ನದು ಪ್ರೀಸ್ಟ್, ಟೈಲರಿಂಗ್ ಇಷ್ಟ. ಕಚ್ಚಾ ಸಾಮಾನೇ ಮೊದಲು ಅಂದರೆ ನಾನೂ ಇದನ್ನು ಬಿಡಬೇಕಾ?

ಉತ್ತರ: ಬಿಡಬೇಡಿ ಮೇಡಂ. ಟೈಲರಿಂಗ್ ಕಥೆಯೇ ಬೇರೆ. ಬಟ್ಟೆ ತರಲು ಬೇರೆ ಪ್ರೊಫೆಶನ್ ಬೇಕಿಲ್ಲ, ಮನುಷ್ಯರಂತಹ ಶತ್ರುಗಳನ್ನು ಹೊಡೆದರೆ ಅವರ ಮೈಮೇಲೇ ಸಿಗುತ್ತದೆ. ಜೊತೆಗೆ ಎನ್‌ಚ್ಯಾಂಟಿಂಗ್ (ಸಾಮಾನಿಗೆ ಮಾಯಾಶಕ್ತಿ ತುಂಬುವ ಕೆಲಸ) ಇಟ್ಟುಕೊಳ್ಳಿ. ನೀವು ಹೊಲಿದ ಹಸಿರು ದರ್ಜೆಯ (ಮಾಮೂಲಿಗಿಂತ ಒಂದು ಹಂತ ಮೇಲಿನ) ಬಟ್ಟೆ ಮಾರಾಟವಾಗದಿದ್ದರೆ ಅದನ್ನೇ ಒಡೆದು ಮಾಯದ ಪುಡಿ ಮಾಡಿಕೊಳ್ಳಬಹುದು, ಹೊಲಿದದ್ದು ವೇಸ್ಟ್ ಆಗುವುದಿಲ್ಲ. ನೀವು ಹೊಲಿಯುವ ಚೀಲಗಳನ್ನಂತೂ ಎಲ್ಲಾ ಕ್ಲಾಸಿನವರೂ (ವಾರಿಯರ್, ಪ್ರೀಸ್ಟ್ ಇಂಥ ವರ್ಗದವರು) ಕೊಳ್ಳುತ್ತಾರೆ.

ಒಂದು ಸಣ್ಣ ವಿಷಯ ನೆನಪಿರಲಿ. ರೆಸಿಪಿ ಹೆಸರಿನ ಬಣ್ಣ ನೋಡಿ. ಕಿತ್ತಳೆ ಇದ್ದರೆ ಪ್ರತಿ ಸಲವೂ ಸ್ಕಿಲ್ ಒಂದು ಪಾಯಿಂಟ್ ಏರುತ್ತದೆ. ಹಳದಿಯಾದರೆ ಬಹಳ ಸಲ, ಹಸಿರಾದರೆ ಅಪರೂಪಕ್ಕೆ. ಬೂದು ಬಣ್ಣಕ್ಕೆ ಬಂತೆಂದರೆ ನಿಲ್ಲಿಸಿ. ಎಷ್ಟೋ ಜನ ಬಣ್ಣ ನೋಡದೆ ಹಸಿರಿನಲ್ಲೇ ಅರ್ಧ ಬಟ್ಟೆ ಸುಮ್ನೆ ಸುರಿಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಮೊದಲಿನವರು): ಥ್ಯಾಂಕ್ಸ್ ಸರ್. ಆದರೂ ಒಂದು ಅನುಮಾನ. ನಾಲ್ಕು ಸಲ ಅಳಿಸಿದ್ದು ತಪ್ಪು ಕ್ಲಾಸ್ ಹಿಡಿದುಬಿಟ್ಟೆನೇನೋ ಎಂಬ ಭಯಕ್ಕೆ. ವಾರಿಯರ್ ನಿಧಾನ ಅಂತಾರೆ. ಕ್ಯಾರೆಕ್ಟರ್ ಮುಖ ರೂಪಿಸಲು ಬೇರೆ ಒಂದೊಂದು ಸಲವೂ ಅರ್ಧ ಗಂಟೆ ಹೋಯಿತು.

ಉತ್ತರ: ನಿಧಾನ ಅನ್ನುವುದು ನಿಜ. ವಾರಿಯರ್ ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳಲಾರ, ಅವನ ಬಲವೆಲ್ಲಾ ಕೈಯಲ್ಲಿರುವ ಆಯುಧದ್ದು. ಅದಕ್ಕೇ ಫಸ್ಟ್ ಏಡ್ ಕಲಿಯಿರಿ, ಬ್ಯಾಂಡೇಜ್ ಸದಾ ಚೀಲದಲ್ಲಿರಲಿ. ಒಬ್ಬರೇ ಆರಾಮಾಗಿ ಆಡಬೇಕೆಂದರೆ ಹಂಟರ್ ಸುಲಭ, ಲೆವೆಲ್ 10ರಿಂದ ಜೊತೆಗೊಂದು ಪ್ರಾಣಿ ಇರುತ್ತದೆ, ಏಟನ್ನು ಅದೇ ತಿನ್ನುತ್ತದೆ. ಆದರೆ ನೀವು ಗಮನಿಸಬೇಕಾದ್ದು ಬೇರೆ. ಒಂದು ಜಗಳ ಇಪ್ಪತ್ತು ಮೂವತ್ತು ಸೆಕೆಂಡ್ ನಡೆಯುತ್ತದೆ, ಅದನ್ನೇ ನೀವು ಸಾವಿರಾರು ಸಲ ಆಡುತ್ತೀರಿ. ಶತ್ರುವಿನ ಮೇಲೆ ನುಗ್ಗುವ ಆ ಚಾರ್ಜ್ ಹತ್ತನೇ ಲೆವೆಲ್‌ನಲ್ಲೂ ಖುಷಿ ಕೊಡುತ್ತಿದ್ದರೆ ನೀವು ವಾರಿಯರ್ರೇ. ಬೇಜಾರಾಗುತ್ತಿದ್ದರೆ ಈಗಲೇ ಬದಲಾಯಿಸಿ, ಯಾಕಂದ್ರೆ ಕ್ಲಾಸನ್ನು ಆಮೇಲೆ ಬದಲಾಯಿಸಲು ದಾರಿಯೇ ಇಲ್ಲ. ಫೈನಲ್ ಫ್ಯಾಂಟಸಿ 14ರಲ್ಲಿ ಒಂದೇ ಕ್ಯಾರೆಕ್ಟರ್ ಎಲ್ಲಾ ಜಾಬ್ (ಅಲ್ಲಿ ಕ್ಲಾಸಿಗೆ ಹೀಗನ್ನುತ್ತಾರೆ) ಕಲಿಯಬಹುದು, ಇಲ್ಲಿ ಹಾಗಿಲ್ಲ.

ಇನ್ನು ಮುಖ. ಆಟದುದ್ದಕ್ಕೂ ನಿಮ್ಮ ಕಣ್ಣಿಗೆ ಬೀಳುವುದು ಅವನ ಬೆನ್ನು. ಓಡುವಾಗ, ಹೊಡೆಯುವಾಗ, ಅಗೆಯುವಾಗ ಎಲ್ಲಾ ಬೆನ್ನೇ. ಅದಕ್ಕೇ ಮಾಡುವಾಗ ಒಂದು ಸಲ ಪೂರ್ತಿ ತಿರುಗಿಸಿ ಹಿಂದಿನಿಂದ ನೋಡಿ, ಕೂದಲು, ಮೈಕಟ್ಟು ಇಷ್ಟವಾಯಿತಾ ಅಂತ. ಮೂಗಿಗೆ ಅಷ್ಟು ಹೊತ್ತು ಬೇಡ.

ಪ್ರಶ್ನೆ (ಮೊದಲಿನವರು): ಚಾರ್ಜ್ ಖುಷಿಯಾಗಿಯೇ ಇದೆ ಸರ್ 🙂 ಎರಡನ್ನೂ ಬಿಟ್ಟು ಮೈನಿಂಗ್, ಸ್ಕಿನ್ನಿಂಗ್ ಕಲಿತೆ. ಆದರೆ ಅರ್ಧ ಗಂಟೆಗೇ ಚೀಲ ತುಂಬಿತು.

ಉತ್ತರ: ಅದಿರು ಒಂದು ಖಾನೆಗೆ 10 ಮಾತ್ರ ಹಿಡಿಯುತ್ತದೆ. ಕರಗಿಸಿ ಲೋಹದ ಗಟ್ಟಿ ಮಾಡಿದರೆ ಅದೇ ಖಾನೆಗೆ 20. ಊರಿಗೆ ಬಂದಾಗಲೆಲ್ಲ ಮೊದಲು ಕುಲುಮೆ ಹತ್ತಿರ ಹೋಗಿ ತಾಮ್ರ ಕರಗಿಸಿ, ಜಾಗ ಅರ್ಧಕ್ಕರ್ಧ ಖಾಲಿಯಾಗುತ್ತದೆ. ಮಾರುವ ಮುಂಚೆ ಅದಿರಿನ ಬೆಲೆ, ಗಟ್ಟಿಯ ಬೆಲೆ ಎರಡೂ ನೋಡಿ, ಕೆಲವು ದಿನ ಅದಿರೇ ಜಾಸ್ತಿ ಬೆಲೆಗೆ ಹೋಗುತ್ತದೆ. ಮೊದಲ ದುಡ್ಡು ಬಂದ ಕೂಡಲೇ ಮೇಲಿನ ಪ್ರೀಸ್ಟ್ ಮೇಡಂ ಹತ್ತಿರ ಎರಡು ಚೀಲ ಕೊಂಡುಕೊಳ್ಳಿ.